ಮಂಡಕ್ಕಿ ಹಾಪರ್‌ಗೆ ಮುಟ್ಟದೆ ಮಟ್ಟ ಹೇಳುವ ಸೆನ್ಸರ್

ಒಳಗಿನ ಮಾಲು ಬೇಕಾದ ಮಟ್ಟಕ್ಕೆ ತುಂಬಿದೆಯೇ ಎಂದು ಹೊರಗಿನಿಂದಲೇ ಹೇಳುವ ಸೆನ್ಸರ್ ದಾವಣಗೆರೆಯ ಮೆಕ್ಕೆಜೋಳದ ಗೋದಾಮಿಗೆ ಬೇಕಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಂಗಡಿಯಲ್ಲಿ ಸಿಗುವ ಎಂ30 (30 ಎಂಎಂ ದಪ್ಪದ) ಕೆಪ್ಯಾಸಿಟಿವ್ ಪ್ರಾಕ್ಸಿಮಿಟಿ ಸೆನ್ಸರ್, ಅಂದರೆ ಹತ್ತಿರ ಬಂದ ವಸ್ತುವನ್ನು ಕೆಪ್ಯಾಸಿಟೆನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ) ಬದಲಾಗುವುದರಿಂದ ಗುರುತಿಸುವಂಥದ್ದು, ತಂದು ಹಿಂದಿನ ಸ್ಕ್ರೂ ತಿರುಗಿಸಿ ಹೊಂದಿಸಿದರೆ ಸಾಕು. ತೊಂದರೆ ಇರುವುದು ಮಂಡಕ್ಕಿ ಭಟ್ಟಿಯಲ್ಲಿ. ಮಂಡಕ್ಕಿಯಲ್ಲಿ ಗಾಳಿಯೇ ಹೆಚ್ಚು, ಹಾಗಾಗಿ ಹಾಪರ್ (ಮಂಡಕ್ಕಿ ತುಂಬಿಡುವ ತೊಟ್ಟಿ) ತುಂಬಿದ್ದರೂ ಸೆನ್ಸರ್‌ಗೆ ಖಾಲಿಯ ಹಾಗೇ ಕಾಣುತ್ತದೆ. ಡಬ್ಬಿಯ ಮೇಲೆ ಬರೆದ ದೂರ, ಅರ್ಥ್ ಮಾಡಿದ ಲೋಹದ ತಗಡಿಗೆ ಅಳೆದದ್ದು; ಮಂಡಕ್ಕಿಗೆ ಅದು ಹೊಂದುವುದಿಲ್ಲ. ಹಾಗಾಗಿ ನಾವೇ ಒಂದು ಸೆನ್ಸರ್ ಮಾಡಿಕೊಳ್ಳೋಣ.

ಬೇಕಾದದ್ದು: ಎರಡೂ ಬದಿ ತಾಮ್ರವಿರುವ 1.6 ಎಂಎಂ ಎಫ್‌ಆರ್4 (ಗಾಜಿನ ನಾರಿನ ಸರ್ಕಿಟ್) ಬೋರ್ಡ್ 12×7 ಸೆಂ.ಮೀ. ಅಳತೆಯವು ಎರಡು, ಎಫ್‌ಡಿಸಿ1004 ಮಾಡ್ಯೂಲ್ (ಕೆಪ್ಯಾಸಿಟೆನ್ಸ್ ಅಳೆಯುವ ಚಿಪ್ ಇರುವುದು), ಇಎಸ್‌ಪಿ32 (ಕೋಡ್ ಓಡಿಸುವ ಪುಟ್ಟ ಕಂಟ್ರೋಲರ್), ಆರ್‌ಜಿ174 (ಒಳತಂತಿಯ ಸುತ್ತ ಜಾಲರಿ ಇರುವ) ಕೇಬಲ್ ಅರ್ಧ ಮೀಟರಿನವು ಎರಡು.

ಬೋರ್ಡಿನ ಮುಂಬದಿಯಲ್ಲಿ ನಡುವೆ 10×5 ಸೆಂ.ಮೀ. ತಾಮ್ರ ಬಿಡಿ. ಸುತ್ತ 3 ಎಂಎಂ ಕೆತ್ತಿ ತೆಗೆಯಿರಿ, ಹೊರಗಿನ ಉಂಗುರ ಹಾಗೇ ಇರಲಿ. ಉಂಗುರವನ್ನು ಹಿಂಬದಿಯ ತಾಮ್ರಕ್ಕೆ ತಂತಿಯಿಂದ ಬೆಸೆಯಿರಿ. ಕೇಬಲಿನ ಒಳತಂತಿ ನಡುವಿನ ತಾಮ್ರಕ್ಕೆ. ಹೊರಜಾಲರಿ ಉಂಗುರಕ್ಕೆ, ಅಲ್ಲಿಂದ ಮಾಡ್ಯೂಲಿನ ಶೀಲ್ಡ್ ಪಿನ್ನಿಗೆ. ಹೆಚ್ಚಿನವರು ಜಾಲರಿಯನ್ನು ಅಭ್ಯಾಸಬಲದಿಂದ ಗ್ರೌಂಡಿಗೆ ಹಾಕಿಬಿಡುತ್ತಾರೆ. ಆಗ ಬೋರ್ಡಿನ ಮುಂದು-ಹಿಂದಿನ ನಡುವೆಯೇ ಸುಮಾರು 120 ಪಿಕೋಫ್ಯಾರಡ್ (ಕೆಪ್ಯಾಸಿಟೆನ್ಸಿನ ಅಳತೆ) ಬಂದು ಕೂರುತ್ತದೆ. ಈ ಚಿಪ್ ಕಳೆದುಹಾಕಬಲ್ಲದ್ದು ಸುಮಾರು 100, ಅದರಾಚೆ ಅಳೆಯುವುದು 15 ಮಾತ್ರ. ರೀಡಿಂಗ್ ಮೇಲಿನ ಮಿತಿಗೆ ಹೋಗಿ ಅಲ್ಲೇ ಅಂಟಿಕೊಳ್ಳುತ್ತದೆ. ಶೀಲ್ಡ್ ಪಿನ್ನಿಗೆ ಕೊಟ್ಟರೆ ಎರಡೂ ಕಡೆ ವೋಲ್ಟೇಜ್ ಒಂದೇ ಇರುವುದರಿಂದ ಆ ಕೆಪ್ಯಾಸಿಟೆನ್ಸ್ ಲೆಕ್ಕಕ್ಕೇ ಬರುವುದಿಲ್ಲ. ಕೇಬಲ್ ಉದ್ದ ಮಾಡಬೇಡಿ: ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಇದೆ, ಶೀಲ್ಡ್ ಪಿನ್ನಿಗೆ ವೋಲ್ಟೇಜ್ ಕೊಡುವ ಡ್ರೈವರ್ ಹೊರಬಲ್ಲದ್ದು 400 ಮಾತ್ರ.

ತಗಡಿನ ಹಾಪರ್ ಆದರೆ 15×10 ಸೆಂ.ಮೀ. ಕಿಂಡಿ ಕೊಯ್ದು 3 ಎಂಎಂ ಪಾಲಿಕಾರ್ಬೊನೇಟ್ ಹಾಳೆ ಕೂರಿಸಿ, ಅದರ ಹೊರಗೆ ಬೋರ್ಡ್ ಅಂಟಿಸಿ. ನಡುವೆ ಗಾಳಿ ಉಳಿದರೆ ಮೋಟಾರಿನ ಅದುರಿಗೆ ರೀಡಿಂಗ್ ಕುಣಿಯುತ್ತದೆ. ಹುಳಿ ವಾಸನೆಯ ಸಿಲಿಕೋನ್ ಬೇಡ, ಅದು ತಾಮ್ರ ತಿನ್ನುತ್ತದೆ. ಎರಡನೆಯ ಬೋರ್ಡನ್ನು ಮಂಡಕ್ಕಿ ಎಂದೂ ತಲುಪದ ಎತ್ತರದಲ್ಲಿ ಇದೇ ರೀತಿ ಕೂರಿಸಿ. ಎರಡನ್ನೂ ಬೇರೆಬೇರೆ ಓದಿ, ಕೋಡಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆಯಿರಿ. ಬಿಸಿಲು, ಮಳೆಗಾಲದ ತೇವ ಎರಡಕ್ಕೂ ಒಂದೇ ಥರ ತಟ್ಟುವುದರಿಂದ ಬಹುಪಾಲು ವಜಾ ಆಗುತ್ತದೆ.

ಸರ್ಕಿಟ್ಟಿನ ಗ್ರೌಂಡ್ ಹಾಪರಿನ ಫ್ರೇಮಿಗೆ, ಫ್ರೇಮ್ ಅರ್ಥಿಂಗಿಗೆ ಸೇರಲೇಬೇಕು. ಎರಡು ಪಿನ್ನಿನ ಅಡಾಪ್ಟರ್ ಹಾಕಿ ಅರ್ಥ್ ಬಿಟ್ಟರೆ, ಯಾರಾದರೂ ಪಕ್ಕದಲ್ಲಿ ನಡೆದರೂ ಮಟ್ಟ ಬದಲಾಗುತ್ತದೆ. ಸೆಕೆಂಡಿಗೆ 100 ರೀಡಿಂಗ್ ಇಟ್ಟು, 20ರ ಸರಾಸರಿ ತೆಗೆಯಿರಿ. ಖಾಲಿ-ತುಂಬಿದ ರೀಡಿಂಗ್‌ಗಳ ನಡುವಿನ ಅಂತರದಲ್ಲಿ 60%ಕ್ಕೆ ಏರಿದಾಗ ‘ತುಂಬಿದೆ’ ಆನ್, 40%ಕ್ಕೆ ಇಳಿದಾಗ ಆಫ್. ತಾನಾಗಿ ಸೊನ್ನೆ ಹೊಂದಿಸಿಕೊಳ್ಳುವ ಕೋಡ್ ಹಾಕಲೇಬೇಡಿ: ರಾತ್ರಿಯಿಡೀ ತುಂಬಿ ನಿಂತ ಹಾಪರನ್ನೇ ಅದು ಬೆಳಗಾಗುವಷ್ಟರಲ್ಲಿ ಖಾಲಿ ಅಂದುಕೊಂಡಿರುತ್ತದೆ.

ಮಳೆಗಾಲದಲ್ಲಿ ಖಾಲಿ ಹಾಪರ್ ‘ತುಂಬಿದೆ’ ಎಂದರೆ ಹಾಳೆಯ ಒಳಮೈ ನೋಡಿ. ಮಂಡಕ್ಕಿಯ ಉಪ್ಪಿನ ಪುಡಿ ತೇವ ಹೀರಿ ಕರೆಂಟ್ ಹರಿಯುವ ಪದರವಾಗಿರುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತದೆ.

ಪರೀಕ್ಷೆಗೆ ಕೈ ಹಿಡಿಯಬೇಡಿ. ಕೈಯಲ್ಲಿ ನೀರಿನಂಶ ಜಾಸ್ತಿ, ಮಂಡಕ್ಕಿಗಿಂತ ಎಷ್ಟೋ ಪಟ್ಟು ದೊಡ್ಡ ರೀಡಿಂಗ್ ಕೊಡುತ್ತದೆ. ಒಂದು ಚೀಲ ಮಂಡಕ್ಕಿ ಸುರಿದೇ ನೋಡಿ.