ನನ್ನ ಕಿಡ್ನಿ ಅವರ ಮಗನಿಗೆ, ಆ ತಾಯಿಯದು ನಮ್ಮವರಿಗೆ

ನಮ್ಮವರದು ಬಿ ಗುಂಪು, ನನ್ನದು ಎ. ಡೊಂಬಿವಿಲಿಯಲ್ಲಿ ವಾರಕ್ಕೆ ಮೂರು ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ. ಕಿಡ್ನಿ ಕೊಡಲು ನಾನು ಸಿದ್ಧಳಿದ್ದರೂ ರಕ್ತದ ಗುಂಪು ಅಡ್ಡ ಬಂತು. ಗುಂಪು ಹೊಂದದೆಯೂ ಕಸಿ ಮಾಡುತ್ತಾರೆ, ಆದರೆ ಬೇರೆ ಗುಂಪಿನ ಕಿಡ್ನಿಯ ಮೇಲೆ ದಾಳಿ ಮಾಡುವ ಪ್ರತಿಕಾಯಗಳನ್ನು ರಕ್ತದಿಂದ ತೆಗೆಯುವ ಖರ್ಚು ನಮ್ಮ ಕೈಗೆ ಎಟುಕುವಂಥದ್ದಲ್ಲ. ತೀರಿಕೊಂಡವರ ಅಂಗಗಳನ್ನು ಹಂಚುವ ಝಡ್‌ಟಿಸಿಸಿ ಎಂಬ ಕೇಂದ್ರದ ಪಟ್ಟಿಯಲ್ಲಿ ಹೆಸರಿತ್ತು, ಸರದಿ ಬರುವ ಲಕ್ಷಣವಿರಲಿಲ್ಲ.

ಆಗ ಆಸ್ಪತ್ರೆಯ ಕಸಿ ಕೋಆರ್ಡಿನೇಟರ್ ಸ್ವಾಪ್ ಬಗ್ಗೆ ಹೇಳಿದರು. ನಮ್ಮಂತೆಯೇ ಗುಂಪು ಹೊಂದದ ಇನ್ನೊಂದು ಕುಟುಂಬ ಸಿಕ್ಕರೆ ಕಿಡ್ನಿ ಅದಲು-ಬದಲು. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಾದ ತಿದ್ದುಪಡಿ ಇದಕ್ಕೆ ಅವಕಾಶ ಕೊಟ್ಟಿದೆ. ಎರಡೂ ಕಡೆ ದಾನಿ ಹತ್ತಿರದ ಸಂಬಂಧಿಯೇ ಆಗಿರಬೇಕು.

ತಿಂಗಳುಗಟ್ಟಲೆ ಕಾದ ಮೇಲೆ ಒಂದು ಮರಾಠಿ ಕುಟುಂಬ ಸಿಕ್ಕಿತು. ಮಗ ಎ, ತಾಯಿ ಬಿ. ದಾನಿಯ ಕಿಡ್ನಿಯನ್ನು ದೇಹ ಕೂಡಲೇ ತಿರಸ್ಕರಿಸುವುದೇ ಎಂದು ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆ ಕೂಡ ನೆಗೆಟಿವ್, ಅಂದರೆ ಅಡ್ಡಿಯಿಲ್ಲ ಎಂದು ಬಂತು. ಆದರೆ ಆ ತಾಯಿಗೆ 57, ನನಗೆ 41. ನನ್ನ ಎಳೆಯ ಕಿಡ್ನಿ ಕೊಟ್ಟು ವಯಸ್ಸಾದ ಕಿಡ್ನಿ ತರುವುದೇ? ನಾಲ್ಕು ದಿನ ಯಾರಿಗೂ ಹೇಳದೆ ಇದನ್ನೇ ಮೆಲುಕು ಹಾಕಿದೆ. ಡಾಕ್ಟರರ ಹತ್ತಿರ ಕೇಳಿಯೇಬಿಟ್ಟೆ. ಅವರು ಬೇಸರಪಡಲಿಲ್ಲ. ಆ ತಾಯಿಯ ಡಿಟಿಪಿಎ ಸ್ಕ್ಯಾನ್ (ಒಂದೊಂದು ಕಿಡ್ನಿ ಎಷ್ಟು ಕೆಲಸ ಮಾಡುತ್ತದೆಂದು ತೋರಿಸುವುದು) ತೋರಿಸಿ, ಎರಡೂ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿವೆ, ಡಯಾಲಿಸಿಸ್‌ನಲ್ಲಿ ಇನ್ನೂ ವರ್ಷ ಕಳೆಯುವುದಕ್ಕಿಂತ ಇದು ಎಷ್ಟೋ ಮೇಲು ಎಂದರು. ಆ ರಾತ್ರಿ ಮಲಗಿದ್ದ ನಮ್ಮವರ ಎಡಗೈಯಲ್ಲಿ ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ್ದ ಫಿಸ್ಟುಲಾ ಮೇಲೆ ಅಂಗೈ ಇಟ್ಟೆ. ಒಳಗೆ ರಕ್ತ ಜುಮ್ಮೆಂದು ಹರಿಯುತ್ತಿತ್ತು. ಬೆಳಿಗ್ಗೆ ಎದ್ದು ಒಪ್ಪಿಗೆ ಎಂದೆ. ಇಂಥ ಅನುಮಾನ ಬಂದವರು ಮನಸ್ಸಿನಲ್ಲಿಟ್ಟುಕೊಳ್ಳದೆ ಕೇಳಬೇಕು, ಅದು ಸ್ವಾರ್ಥವಲ್ಲ.

ಕಾಗದಪತ್ರದಲ್ಲೇ ಹೆಚ್ಚು ದಣಿದೆವು. ನಮ್ಮ ಮದುವೆ ಊರಲ್ಲಿ, ಕುಂದಾಪುರದ ಕಡೆ ಆದದ್ದು, ರಿಜಿಸ್ಟರ್ ಮಾಡಿಸಿರಲಿಲ್ಲ. ಅರಿಸಿನ ಹಚ್ಚಿದ ಹಳೆಯ ಕರೆಯೋಲೆ ಅತ್ತೆಯ ಟ್ರಂಕಿನಲ್ಲಿತ್ತು. ಅದನ್ನು ಅನುವಾದ ಮಾಡಿಸಿ, ಫೋಟೋಗಳ ಜೊತೆ ಕಸಿಗೆ ಅನುಮತಿ ಕೊಡುವ ಸಮಿತಿಯ ಮುಂದಿಟ್ಟೆವು. ಯಾರಾದರೂ ಒತ್ತಾಯ ಮಾಡಿದ್ದಾರೆಯೇ, ಹಣ ಕೊಟ್ಟಿದ್ದಾರೆಯೇ ಎಂದು ಕ್ಯಾಮೆರಾ ಮುಂದೆ ಕೇಳಿದರು.

ನಾಲ್ಕು ಆಪರೇಷನ್‌ಗಳೂ ಒಂದೇ ದಿನ. ಒಬ್ಬ ದಾನಿ ಕೊಟ್ಟಾದ ಮೇಲೆ ಇನ್ನೊಬ್ಬರು ಹಿಂದೆ ಸರಿಯಬಾರದೆಂದು ದಾನಿಗಳಿಬ್ಬರನ್ನೂ ಒಟ್ಟಿಗೇ ಒಳಗೆ ಕರೆದೊಯ್ದರು.

ಮೂರನೇ ದಿನ, ಹೊಟ್ಟೆಗೆ ದಿಂಬು ಒತ್ತಿ ಹಿಡಿದು ವರಾಂಡದಲ್ಲಿ ನಡೆಯುತ್ತಿದ್ದೆ. ಎದುರಿಗೆ ಆ ತಾಯಿ, ಅವರೂ ಹಾಗೆಯೇ. 'ಕ್ರಿಯಾಟಿನಿನ್ ಕಿತಿ ಝಾಲಂ?' ಎಂದರು, ಎಷ್ಟಾಯಿತು ಎಂದು. ಹೊಸ ಕಿಡ್ನಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆಯ ಅಂಕಿ ಅದು. ಕೇಳಿದ್ದು ನಮ್ಮವರದ್ದು. ನಾನು ಅವರ ಮಗನದ್ದು ಕೇಳಿದೆ.