ಮನೆಯಲ್ಲಿ ಸಂಗೀತ ಕೇಳಲು ಯಾವ ಹೆಡ್‌ಫೋನ್?

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರನ್ನು ಮನೆಯಲ್ಲಿ ಗಂಟೆಗಟ್ಟಲೆ ಕೇಳುವವರಿಗೆ ನನ್ನ ಸಲಹೆ ಓಪನ್‌ಬ್ಯಾಕ್ ಹೆಡ್‌ಫೋನ್. ಅದರ ಹೊರಬದಿಯಲ್ಲಿ ಜಾಲರಿಯಿದ್ದು, ಗಾಳಿ ಮತ್ತು ಸದ್ದು ಎರಡೂ ಆಚೆ ಹೋಗುತ್ತವೆ. ಹಾಗಾಗಿ ತಂಬೂರಿಯ ನಾದ ಕಿವಿಯೊಳಗೆ ಗುಂಯ್‌ಗುಡದೆ ಬಿಡಿಸಿಕೊಂಡು ಕೇಳುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಸೆಕೆಯಲ್ಲೂ ಕಿವಿ ಅಷ್ಟು ಬೆವರುವುದಿಲ್ಲ, ಇದು ಸಣ್ಣ ವಿಷಯವಲ್ಲ! ಎರಡೂ ಕಿವಿಗೆ ಒಂದೇ ಸದ್ದು ಕೊಡುವ ಹಳೆಯ ಮೊನೊ ಧ್ವನಿಮುದ್ರಣಗಳಲ್ಲಿ ಮಾತ್ರ ಎಡ-ಬಲದ ಹರವನ್ನು ನಿರೀಕ್ಷಿಸಬೇಡಿ.

ಆದರೆ ಅಡುಗೆಮನೆಯ ಮಿಕ್ಸರ್ ಸದ್ದು ನೇರವಾಗಿ ಒಳಗೆ ಬರುತ್ತದೆ, ನಿಮ್ಮ ಹಾಡು ಪಕ್ಕದಲ್ಲಿ ಓದುತ್ತಿರುವ ಮಗುವಿಗೂ ಕೇಳುತ್ತದೆ. ಮನೆ ಬಸ್ಸು ಓಡಾಡುವ ರಸ್ತೆಗೆ ಅಂಟಿಕೊಂಡಿದ್ದರೆ ಹೊರಬದಿ ಮುಚ್ಚಿರುವ ಕ್ಲೋಸ್ಡ್‌ಬ್ಯಾಕ್ ಕೊಳ್ಳಿ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ಹೆಡ್‌ಫೋನ್ ಪರೀಕ್ಷಿಸಿ. ಕನ್ನಡಕದ ಕಡ್ಡಿಯಿಂದ ಮೆತ್ತೆಯ ಸಂದಿ ತೆರೆದರೆ ತಬಲಾದ ಡಗ್ಗೆಯ ಗುಮಕು ಕುಗ್ಗುತ್ತದೆ. 250–300 ಓಮ್‌ನ (ವಿದ್ಯುತ್ ಪ್ರತಿರೋಧದ ಅಳತೆ) ಮಾದರಿಗಳಿಗೆ ಹಲವು ಮೊಬೈಲ್‌ಗಳ ಶಕ್ತಿ ಸಾಲದು, ಆಂಪ್ಲಿಫೈಯರ್ ಬೇಕಾಗುತ್ತದೆ.