ಬಳ್ಳಾರಿ ಬಿಸಿಲಲ್ಲಿ ಹಳೇ ಜರ್ಮನ್ ಕಾರು: ಕೂಲಂಟ್‌ನಿಂದಲೇ ಕೆಲಸ ಶುರು ಮಾಡಿ

ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ವೆಂಟೊ ಮನೆಗೆ ತಂದ ದಿನ ನಾನು ಮೊದಲು ನೋಡಿದ್ದು ಬಾನೆಟ್ ಒಳಗಿನ ಗುಂಡನೆಯ ಪ್ಲಾಸ್ಟಿಕ್ ಡಬ್ಬಿಯನ್ನು. ಅದೇ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡೋ ದ್ರವದ ಟ್ಯಾಂಕ್. 2012ರ ಡೀಸೆಲ್ ಗಾಡಿ. ಪೇಂಟ್ ಚೆನ್ನಾಗಿತ್ತು, ಸೀಟು ಹೊಸದರ ಹಾಗೇ ಇತ್ತು. ಡಬ್ಬಿಯೊಳಗೆ ಮಾತ್ರ ಗುಲಾಬಿ ಬಣ್ಣ ಹೋಗಿ ಟೀ ಡಿಕಾಕ್ಷನ್ ಬಣ್ಣದ ನೀರು. ಟಾರ್ಚ್ ಬಿಟ್ಟರೆ ಒಳಗೋಡೆಗೆ ಸುಣ್ಣದಂಥ ಬಿಳಿ ಪದರ ಕಾಣಿಸಿತು. ಕೌಲ್ ಬಜಾರಿನ ರೇಡಿಯೇಟರ್ ಮೇಸ್ತ್ರಿ ಅದನ್ನು ನೋಡಿ ಹೇಳಿದರು: "ಬೋರ್ ನೀರು ಹಾಕ್ಯಾರ್ರೀ ಇದಕ್ಕ. ಅಡುಗೆಮನಿ ಪಾತ್ರೆಗೇ ಬಿಳಿ ಕಟ್ಟೋ ನೀರು, ಇಂಜಿನ್‌ಗೆ ಬಿಡ್ತದೇನು?"

ಹಳೇ ಜರ್ಮನ್ ಕಾರು ಅಂದರೆ ನಮ್ಮ ಕಡೆ ಜನ ಹೆದರುತ್ತಾರೆ. ಪಾರ್ಟ್ಸ್ ಸಿಗಲ್ಲ, ಬೆಂಗಳೂರಿಗೇ ಒಯ್ಯಬೇಕು ಅಂತಾರೆ. ಇಷ್ಟು ದಿನ ನನ್ನ ಗಾಡಿಯ ಕೆಲಸ ನಾನೇ ಮಾಡಿಕೊಂಡು ಬಂದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಬಳ್ಳಾರಿಯಲ್ಲಿ ಈ ಗಾಡಿಗಳನ್ನು ಕೊಲ್ಲೋದು ವಯಸ್ಸಲ್ಲ, ಬಿಸಿ ಮತ್ತು ಕೆಂಪು ಧೂಳು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಜರ್ಮನ್ ಇಂಜಿನ್ ಸುತ್ತ ಪ್ಲಾಸ್ಟಿಕ್ ಜಾಸ್ತಿ: ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ಕೂಲಂಟಿಗೆ ದಾರಿ ಬಿಡೋ ವಾಲ್ವ್) ಹೌಸಿಂಗ್, ಪೈಪ್ ಜಾಯಿಂಟ್, ಟ್ಯಾಂಕ್ ಎಲ್ಲಾ ಪ್ಲಾಸ್ಟಿಕ್. ಹತ್ತು ವರ್ಷ ಬೆಂದ ಪ್ಲಾಸ್ಟಿಕ್ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಬಿಸಿ, ಧೂಳು ಎರಡರಿಂದ ಗಾಡಿಯನ್ನು ಕಾಯ್ದುಕೊಂಡರೆ ಉಳಿದದ್ದು ಅಷ್ಟು ಕಷ್ಟವಲ್ಲ.

ತಗೊಳ್ಳೋ ಮುಂಚೆ

ಗಾಡಿಯನ್ನು ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗಲೇ ನೋಡಿ. ಮಾರುವವರು ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ, ಇನ್ನೊಂದು ದಿನ ಬರುತ್ತೇನೆ ಅನ್ನಿ. 2007ರಿಂದ 2011ರ ನಡುವಿನ ಬಿಎಂಡಬ್ಲ್ಯು 320ಡಿ ಆದರೆ ತಣ್ಣಗಿನ ಸ್ಟಾರ್ಟ್‌ನಲ್ಲಿ ಇಂಜಿನ್ ಹಿಂಭಾಗದಿಂದ ಸರಪಳಿ ಎಳೆದಂಥ ಸದ್ದು ಬರುತ್ತದಾ ಕೇಳಿ. ಆ ಎನ್47 ಇಂಜಿನ್‌ನ ಟೈಮಿಂಗ್ ಚೈನ್ (ವಾಲ್ವುಗಳು ಹೊತ್ತಿಗೆ ಸರಿಯಾಗಿ ತೆರೆಯುವಂತೆ ಮಾಡೋ ಸರಪಳಿ) ಗೇರ್‌ಬಾಕ್ಸ್ ಕಡೆಗಿದೆ. ಅದನ್ನು ಬದಲಿಸೋದು ಮನೆಯಲ್ಲಿ ಆಗೋ ಕೆಲಸವಲ್ಲ. ಫೋಕ್ಸ್‌ವ್ಯಾಗನ್‌ನ 7 ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಗಾಡಿಯನ್ನು, ಕಾರಿನ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಾಕದೆ ತಗೊಳ್ಳಲೇಬೇಡಿ. ಟ್ರಾಫಿಕ್ಕು, ಬಿಸಿ ಎರಡೂ ಅದಕ್ಕೆ ಆಗಿಬರಲ್ಲ. 1990ರ ದಶಕದ ಮೊದಲರ್ಧದ ಮರ್ಸಿಡಿಸ್ ಆದರೆ ಇಂಜಿನ್ ವೈರಿಂಗ್ ಮುಟ್ಟಿ ನೋಡಿ. ಆ ಕಾಲದ ವೈರಿನ ಮೇಲಿನ ಕವಚ ಬಿಸಿಗೆ ಒಣಗಿ ತಾನಾಗೇ ಉದುರುತ್ತದೆ. ಉದುರುತ್ತಿದ್ದರೆ ಹೊಸ ವೈರಿಂಗ್ ಸೆಟ್ಟಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಾಗದದ ವಿಷಯ ಎರಡೇ ಮಾತು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ದೆಹಲಿಯಿಂದ ಕಡಿಮೆ ಬೆಲೆಗೆ ಬರೋ ಗಾಡಿಗೆ ಅಲ್ಲಿಯ ಎನ್‌ಒಸಿ ಬೇಕು, ಇಲ್ಲಿ ಕರ್ನಾಟಕದ ತೆರಿಗೆ ಕಟ್ಟಬೇಕು. ಆ ಲೆಕ್ಕ ಹಾಕಿದ ಮೇಲೆ ಕೆಎ-34 ನಂಬರಿನ ಗಾಡಿಯೇ ಎಷ್ಟೋ ಸಲ ಅಗ್ಗ.

ಪಾರ್ಟ್ ನಂಬರ್ ಓದೋದು ಕಲಿಯಿರಿ

ಇದೊಂದು ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ. ಅಂಗಡಿಗೆ ಹೋಗಿ "ವೆಂಟೊ ಪೈಪ್ ಕೊಡಿ" ಅಂದರೆ ಯಾವುದೋ ಪೈಪ್ ಬರುತ್ತದೆ. ಹಳೇ ಪಾರ್ಟ್ ತೆಗೆದು ಒರೆಸಿ, ಅದರ ಮೇಲಿನ ನಂಬರಿನ ಫೋಟೋ ಹೊಡೆದುಕೊಳ್ಳಿ.

ಫೋಕ್ಸ್‌ವ್ಯಾಗನ್, ಆಡಿ ನಂಬರಿನಲ್ಲಿ ಮೂರು ಮೂರರ ಮೂರು ಗುಂಪು ಇರುತ್ತದೆ. ಮೊದಲ ಮೂರು, ಆ ಪಾರ್ಟ್ ಯಾವ ಮಾಡೆಲ್ಲಿಗೆ ಅಂತ ಮೊದಲು ತಯಾರಾಯಿತೋ ಅದರ ಗುರುತು. ಪೋಲೊ ಆದರೆ 6ಆರ್0 ಅಂತ ಶುರುವಾಗುವುದು ಹೆಚ್ಚು. ನಡುವಿನ ಮೂರೇ ಮುಖ್ಯ. ಅದರ ಮೊದಲ ಅಂಕಿ 1 ಇದ್ದರೆ ಇಂಜಿನ್, 3 ಗೇರ್‌ಬಾಕ್ಸ್, 4 ಮುಂದಿನ ಆಕ್ಸಲ್, 5 ಹಿಂದಿನದು, 6 ಚಕ್ರ ಮತ್ತು ಬ್ರೇಕ್, 8 ಬಾಡಿ, 9 ಎಲೆಕ್ಟ್ರಿಕಲ್. 121 ಅಂದರೆ ಕೂಲಿಂಗ್, 129 ಅಂದರೆ ಏರ್ ಫಿಲ್ಟರ್ ಕಡೆಯದು, 698 ಅಂದರೆ ಬ್ರೇಕ್ ಪ್ಯಾಡ್. ಕೊನೆಯಲ್ಲಿ ಬರುವ ಅಕ್ಷರ ಆ ಪಾರ್ಟಿನ ತಿದ್ದುಪಡಿಯ ಅಥವಾ ಬೇರೆ ರೂಪದ ಗುರುತು. ಮುಂದಿನ ಅಕ್ಷರದ್ದು ಸಿಕ್ಕರೆ ಹಲವು ಸಲ ಅದೇ ಸರಿಹೋಗುತ್ತದೆ, ಆದರೂ ಕೇಳಿಯೇ ತಗೊಳ್ಳಿ. ಬಿಎಂಡಬ್ಲ್ಯು ನಂಬರ್ 11 ಅಂಕಿ. ಮೊದಲೆರಡು 11 ಇದ್ದರೆ ಇಂಜಿನ್, 17 ಇದ್ದರೆ ರೇಡಿಯೇಟರ್ ಗುಂಪು, 34 ಇದ್ದರೆ ಬ್ರೇಕ್. ಮರ್ಸಿಡಿಸ್ ನಂಬರ್ 'ಎ' ಅಕ್ಷರದಿಂದ ಶುರುವಾಗುತ್ತದೆ.

ನಂಬರ್ ಕೈಯಲ್ಲಿದ್ದರೆ ಕಂಪನಿ ಡಬ್ಬಿಯದ್ದೇ ಬೇಕು ಅಂತಿಲ್ಲ. ಬಾಷ್, ಮಾಹ್ಲೆ, ಮಾನ್, ಹೆಲ್ಲಾ, ಸ್ಯಾಕ್ಸ್, ಲೆಮ್‌ಫೋರ್ಡರ್ ಇವರೆಲ್ಲ ಜರ್ಮನ್ ಕಾರು ಕಂಪನಿಗಳಿಗೆ ಪಾರ್ಟ್ ಮಾಡಿಕೊಡುವವರೇ. ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ವಾಟ್ಸಾಪ್‌ನಲ್ಲಿ ನಂಬರ್ ಕಳಿಸುತ್ತೇನೆ. ರಾತ್ರಿ ಬಸ್ಸಿಗೆ ಪಾರ್ಸಲ್ ಹಾಕಿದರೆ ಬೆಳಿಗ್ಗೆ ಚಹಾ ಕುಡಿಯೋ ಹೊತ್ತಿಗೆ ಇಲ್ಲಿರುತ್ತದೆ.

ಸಾಮಾನು

ಸಾಮಾನ್ಯ ಸ್ಪ್ಯಾನರ್ ಸೆಟ್ ಸಾಲದು. ನಕ್ಷತ್ರದಂಥ ಟಾರ್ಕ್ಸ್ ಬಿಟ್, 12 ಮೂಲೆಯ ಟ್ರಿಪಲ್ ಸ್ಕ್ವೇರ್ ಬಿಟ್, ಸ್ಪ್ರಿಂಗ್ ಕ್ಲಿಪ್ ಹಿಡಿಯೋ ಪ್ಲೈಯರ್, ಒಂದು ಟಾರ್ಕ್ ರೆಂಚ್ ಬೇಕು. ಟ್ರಿಪಲ್ ಸ್ಕ್ವೇರ್ ಬೋಲ್ಟಿಗೆ ಟಾರ್ಕ್ಸ್ ಹಾಕಿ ತಿರುಗಿಸಿದರೆ ತಲೆ ಸವೆದು ಹೋಗುತ್ತದೆ, ಆಮೇಲೆ ಡ್ರಿಲ್ಲೇ ಗತಿ. ಈ ಗಾಡಿಗಳ ಚಕ್ರಕ್ಕೆ ನಟ್ ಇಲ್ಲ, ಬೋಲ್ಟ್ ಇರುತ್ತದೆ. ಪೋಲೊ, ವೆಂಟೊಗೆ 120 ನ್ಯೂಟನ್ ಮೀಟರ್ ಬಿಗಿ ಸಾಕು. ಪೈಪಿನ ಮೇಲೆ ಹತ್ತಿ ನಿಂತು ತುಳಿಯೋದು ಬೇಡ.

ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ನುಗ್ಗಬೇಡಿ. ಸ್ಟ್ಯಾಂಡ್ ಕೊಟ್ಟೇ ಕೆಲಸ. ಅಂಗಳ ಮಣ್ಣಿನದ್ದಾದರೆ ಕೆಳಗೆ ದಪ್ಪ ಹಲಗೆ ಇಡಿ, ಇಲ್ಲದಿದ್ದರೆ ಭಾರಕ್ಕೆ ಸ್ಟ್ಯಾಂಡ್ ನೆಲಕ್ಕೆ ಇಳಿಯುತ್ತದೆ.

ಇನ್ನೊಂದು, ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರೋ ಓಬಿಡಿ ಸ್ಕ್ಯಾನರ್. ಅಪ್‌ಗ್ರೇಡ್ ಏನು ಮಾಡಿಸಲಿ ಅಂತ ಕೇಳುವವರಿಗೆ ನಾನು ಮೊದಲು ಹೇಳೋದು ಇದನ್ನೇ. ಫೋಕ್ಸ್‌ವ್ಯಾಗನ್ ಗಾಡಿಗಳಲ್ಲಿ ಬಿಸಿ ತೋರಿಸೋ ಮುಳ್ಳು ಇದ್ದರೂ ಅದು 90ರಲ್ಲೇ ನಿಂತಿರುವಂತೆ ಮಾಡಿರುತ್ತಾರೆ. ನಿಜವಾದ ಬಿಸಿ ನಾಲ್ಕಾರು ಡಿಗ್ರಿ ಹೆಚ್ಚು ಕಮ್ಮಿ ಆದರೂ ಮುಳ್ಳು ಅಲ್ಲಾಡಲ್ಲ. ಕೆಲವು ಮಾಡೆಲ್‌ಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ದೀಪ ಬರೋ ಹೊತ್ತಿಗೆ ತಡವಾಗಿರುತ್ತದೆ. ಸ್ಕ್ಯಾನರ್ ನಿಜ ಅಂಕಿ ತೋರಿಸುತ್ತದೆ.

ಕೂಲಂಟ್ ಬದಲಿಸುವುದು

ಬೆಳಿಗ್ಗೆ ಐದೂವರೆಗೆ ಶುರು ಮಾಡಿ. ಬಿಸಿಲು ಏರೋ ಮುಂಚೆ ಮುಗಿಯಬೇಕು ಅನ್ನೋದು ಒಂದು. ರಾತ್ರಿಯಿಡೀ ನಿಂತ ಇಂಜಿನ್ ಪೂರ್ತಿ ತಣ್ಣಗಿರುತ್ತದೆ ಅನ್ನೋದು ಮುಖ್ಯ. ಬಿಸಿ ಇಂಜಿನ್‌ನ ಮುಚ್ಚಳ ತೆರೆದರೆ ಕುದಿ ನೀರು ಮುಖಕ್ಕೆ ಹಾರುತ್ತದೆ. ಬಟ್ಟೆ ಹಿಡಿದು ತೆರೆದರೆ ಏನಾಗಲ್ಲ ಅನ್ನೋ ಮಾತು ನಂಬಬೇಡಿ.

ಮೊದಲು ಪೈಪುಗಳನ್ನು ಒಂದೊಂದಾಗಿ ಹಿಸುಕಿ ನೋಡಿ. ಒಳ್ಳೆ ಪೈಪ್ ಒತ್ತಿದರೆ ಬಗ್ಗಿ, ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಒತ್ತಿದಾಗ ಚರಚರ ಅಂದರೆ ಒಳಗೆ ಸುಣ್ಣ ಕಟ್ಟಿದೆ ಅಂತ ಅರ್ಥ. ನನ್ನ ಗಾಡಿಯ ಮೇಲಿನ ಪೈಪ್ ಹೀಗೇ ಸದ್ದು ಮಾಡಿತು. ಬಿಚ್ಚಿ ನೋಡಿದರೆ ಒಳಗೆಲ್ಲ ಒರಟು ಬಿಳಿ ಪೊರೆ. ಪೈಪ್ ಅಂಟಂಟಾಗಿದ್ದರೆ, ತುದಿಯಲ್ಲಿ ಬಿರುಕಿದ್ದರೆ, ಕ್ಲಿಪ್ ಹತ್ತಿರ ಉಬ್ಬಿದ್ದರೆ ಬದಲಿಸಿ.

ರೇಡಿಯೇಟರ್ ಕೆಳಗೆ ಅಗಲವಾದ ಟಬ್ ಇಟ್ಟು, ಟ್ಯಾಂಕ್ ಮುಚ್ಚಳ ತೆಗೆದು, ಕೆಳಗಿನ ಪೈಪ್ ಬಿಡಿಸಿ. ಒಂದು ಹನಿಯೂ ಅಂಗಳಕ್ಕೆ, ಚರಂಡಿಗೆ ಬೀಳದಂತೆ ನೋಡಿಕೊಳ್ಳಿ. ಕೂಲಂಟ್ ರುಚಿ ಸಿಹಿ. ನಾಯಿ, ಮೇಕೆ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಮಕ್ಕಳಿರೋ ಮನೆಯಾದರೆ ಇನ್ನೂ ಹುಷಾರು. ತೆಗೆದದ್ದನ್ನು ಕ್ಯಾನಿಗೆ ತುಂಬಿ ಮೇಲೆ ಹೆಸರು ಬರೆದು, ತ್ಯಾಜ್ಯ ಆಯಿಲ್ ಕೂಡಿಡುವ ಗ್ಯಾರೇಜಿಗೆ ಕೊಡಿ.

ಈಗ ತೊಳೆಯುವ ಕೆಲಸ. ಪೈಪ್ ಸೇರಿಸಿ, ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಇಂಜಿನ್ ಓಡಿಸಿ. ಮೇಲಿನ ಪೈಪಿನ ಜೊತೆಗೆ ಕೆಳಗಿನದೂ ಬೆಚ್ಚಗಾದರೆ ಥರ್ಮೋಸ್ಟಾಟ್ ತೆರೆದಿದೆ ಅಂತ. ಆರಲು ಬಿಡಿ, ಮತ್ತೆ ಖಾಲಿ ಮಾಡಿ. ತಿಳಿ ನೀರು ಬರೋ ತನಕ ಇದೇ ಕೆಲಸ. ನನಗೆ ನಾಲ್ಕು ಸಲ ಬೇಕಾಯಿತು, ಎರಡು ದಿನ ಹಿಡಿಯಿತು. ನಲ್ಲಿ ನೀರಲ್ಲಿ ತೊಳೆದು ಕೊನೆಗಷ್ಟೇ ಡಿಸ್ಟಿಲ್ಡ್ ಹಾಕಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಖಾಲಿ ಮಾಡಿದರೂ ಇಂಜಿನ್ ಬ್ಲಾಕಿನೊಳಗೆ ಒಂದಿಷ್ಟು ನೀರು ಉಳಿದೇ ಇರುತ್ತದೆ. ಸುಣ್ಣದ ನೀರು ಉಳಿಯೋದು ನನಗೆ ಬೇಡ.

ಆ ಉಳಿದ ನೀರಿನಿಂದಲೇ ಇನ್ನೊಂದು ತಪ್ಪೂ ಆಗುತ್ತದೆ. ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ತುಂಬಿದರೆ ಒಳಗಿನ ನೀರು ಸೇರಿ ಅದು ತೆಳುವಾಗುತ್ತದೆ. ಹಾಗಾಗಿ ಮ್ಯಾನುಯಲ್ ನೋಡಿ ಒಟ್ಟು ಎಷ್ಟು ಲೀಟರ್ ಹಿಡಿಯುತ್ತದೆ ತಿಳಿದುಕೊಳ್ಳಿ. 6 ಲೀಟರ್ ಅಂದುಕೊಳ್ಳಿ, ಮೊದಲು ನೀರು ಬೆರೆಸದ 3 ಲೀಟರ್ ಗಟ್ಟಿ ಕೂಲಂಟ್ ಹಾಕಿ. ಆಮೇಲೆ ಹಿಡಿಯುವಷ್ಟು ಡಿಸ್ಟಿಲ್ಡ್ ವಾಟರ್. ನಮ್ಮಲ್ಲಿ ಮಂಜು ಬೀಳಲ್ಲ, ಕೂಲಂಟ್ ಯಾಕೆ ಅನ್ನಬೇಡಿ. ಅದು ನೀರು ಕುದಿಯೋ ಮಟ್ಟ ಏರಿಸುತ್ತದೆ, ಅಲ್ಯೂಮಿನಿಯಂ ತಿನ್ನದಂತೆ ಕಾಯುತ್ತದೆ.

ಫೋಕ್ಸ್‌ವ್ಯಾಗನ್‌ಗೆ ಜಿ12 ಪ್ಲಸ್ ಪ್ಲಸ್, ಜಿ13 ಅಥವಾ ಈಗಿನ ಜಿ12 ಇವೊ. ಡಬ್ಬಿ ಮೇಲೆ ಕಂಪನಿಯ ಗುಣಮಟ್ಟದ ನಂಬರ್ ಟಿಎಲ್ 774 ಅಂತ ಇರಬೇಕು. ಅಂಗಡಿಯ ಹಸಿರು ಕೂಲಂಟ್ ಇದರ ಜೊತೆ ಬೆರೆಸಲೇಬೇಡಿ, ಕಂದು ಬಣ್ಣದ ಕೆಸರಾಗಿ ಹೀಟರಿನ ಸಣ್ಣ ಪೈಪುಗಳಲ್ಲಿ ಕೂರುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ, ನಂಬರ್ ನೋಡಿ.

ಪೈಪ್ ಕೂರಿಸುವಾಗ ಗ್ರೀಸ್ ಹಚ್ಚಬೇಡಿ, ಆ ರಬ್ಬರ್ ಗ್ರೀಸಿಗೆ ಉಬ್ಬುತ್ತದೆ. ಕೂಲಂಟಿನಲ್ಲೇ ಒದ್ದೆ ಮಾಡಿ ತಳ್ಳಿ. ಹಳೇ ಸ್ಪ್ರಿಂಗ್ ಕ್ಲಿಪ್ ಬಿಸಾಡಿ ಸ್ಕ್ರೂ ಕ್ಲಿಪ್ ಹಾಕೋದು ನಮ್ಮ ಕಡೆ ರೂಢಿ. ಬೇಡ. ಪ್ಲಾಸ್ಟಿಕ್ ಮೂತಿ ಬಿಸಿಗೆ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಸ್ಪ್ರಿಂಗ್ ಅದರ ಜೊತೆಗೇ ಹಿಗ್ಗಿ ಕುಗ್ಗುತ್ತದೆ, ಸ್ಕ್ರೂ ಕ್ಲಿಪ್ ಹಾಗಲ್ಲ.

ಕೊನೆಗೆ ಗಾಳಿ ತೆಗೆಯೋದು. ಮುಚ್ಚಳ ಹಾಕಿ ಇಂಜಿನ್ ಓಡಿಸಿ, ಸ್ಕ್ಯಾನರ್ ನೋಡುತ್ತಾ ಫ್ಯಾನ್ ತಿರುಗುವವರೆಗೆ ಕಾಯಿರಿ. ಹೀಟರಿನಿಂದ ಬಿಸಿ ಗಾಳಿ ಬರಬೇಕು. ತಣ್ಣಗೆ ಬಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಪೂರ್ತಿ ಆರಿದ ಮೇಲೆ ಕಮ್ಮಿಯಾದಷ್ಟು ತುಂಬಿ.

ನನ್ನ ವೆಂಟೊದ 1.6 ಟಿಡಿಐ ಡೀಸೆಲ್ ಇಂಜಿನ್‌ನಲ್ಲಿ ವಾಟರ್ ಪಂಪ್ ತಿರುಗೋದು ಟೈಮಿಂಗ್ ಬೆಲ್ಟಿನಿಂದ. ಬೆಲ್ಟ್ ಬದಲಿಸುವಾಗ ಪಂಪ್, ಟೆನ್ಶನರ್ ಒಟ್ಟಿಗೇ ಹಾಕಿಸಿ. ಈ ಒಂದು ಕೆಲಸ ಮಾತ್ರ ಪಳಗಿದ ಕೈಗೇ ಬಿಡಿ. ಬೆಲ್ಟ್ ಒಂದು ಹಲ್ಲು ತಪ್ಪಿದರೂ ವಾಲ್ವ್ ಬಾಗಬಹುದು.

ಧೂಳು

ರೇಡಿಯೇಟರ್ ಮುಂದೆ ಎ.ಸಿ. ಕಂಡೆನ್ಸರ್ ಇದೆ. ಇವೆರಡರ ನಡುವಿನ ಸಂದಿಯಲ್ಲಿ ನಮ್ಮೂರು ಪೂರ್ತಿ ಸಿಗುತ್ತದೆ. ಸಂಡೂರು ಕಡೆಯ ಕೆಂಪು ಧೂಳು, ಹತ್ತಿ ಲಾರಿಯಿಂದ ಹಾರಿದ ಅರಳೆ, ಸಿರುಗುಪ್ಪ ದಾರಿಯ ಭತ್ತದ ಹೊಟ್ಟು ಎಲ್ಲಾ ಸೇರಿ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಪ್ರೆಶರ್ ವಾಷರ್ ಹಿಡಿದರೆ ತೆಳು ಫಿನ್ ಮಡಚಿ ಹೋಗುತ್ತದೆ. ಸಾದಾ ಪೈಪಿನಲ್ಲಿ, ಇಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡಿ. ಗಾಳಿ ಒಳಗೆ ತಂದದ್ದನ್ನು ನೀರು ಹೊರಗೆ ತಳ್ಳಬೇಕು.

ಏರ್ ಫಿಲ್ಟರ್ ಕಂಪನಿ ಹೇಳಿದ್ದಕ್ಕಿಂತ ಅರ್ಧ ಅವಧಿಗೇ ಬದಲಿಸಿ. ಕ್ಯಾಬಿನ್ ಫಿಲ್ಟರನ್ನೂ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಜಾಗ ಬಿಟ್ಟಿರುತ್ತಾರೆ, ಫಿಲ್ಟರೇ ಹಾಕಿರಲ್ಲ. ಸನ್‌ರೂಫ್ ಇದ್ದರೆ ಮೂಲೆಯ ನೀರು ಇಳಿಯೋ ತೂತು ಧೂಳಿಗೆ ಕಟ್ಟಿಕೊಳ್ಳುತ್ತದೆ. ಮೊದಲ ಮಳೆಗೆ ನೀರು ಕಾಲ ಕೆಳಗಿನ ಕಾರ್ಪೆಟ್ಟಿಗೆ, ಅಲ್ಲಿಂದ ಎಲೆಕ್ಟ್ರಾನಿಕ್ ಬಾಕ್ಸಿಗೆ. ಮೇ ತಿಂಗಳಲ್ಲೇ ತೆಳು ನೈಲಾನ್ ದಾರ ತೂರಿಸಿ ಬಿಡಿಸಿಡಿ. ಕಂಪ್ರೆಸರ್ ಗಾಳಿ ಹೊಡೆದರೆ ಒಳಗಿನ ಜಾಯಿಂಟ್ ಬಿಚ್ಚಿಕೊಳ್ಳುತ್ತದೆ.

ಅಪ್‌ಗ್ರೇಡ್ ಬಗ್ಗೆ

ಹುಡುಗರು ಮೊದಲು ಕೇಳೋದು ರೀಮ್ಯಾಪ್, ಅಂದರೆ ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಶಕ್ತಿ ಏರಿಸೋದು. ಹಳೇ ಕ್ಲಚ್, ಹಳೇ ಟರ್ಬೊ, 42 ಡಿಗ್ರಿ ಬಿಸಿಲು. ನಾನಂತೂ ಮಾಡಿಸಿಲ್ಲ. ಆ ದುಡ್ಡಿಗೆ ಮುಂದಿನ ಸಸ್ಪೆನ್ಶನ್‌ನ ಕಂಟ್ರೋಲ್ ಆರ್ಮ್ ಬುಷ್, ಲಿಂಕ್ ರಾಡ್, ಒಳ್ಳೆ ಟೈರ್ ಹಾಕಿಸಿ. ಗಾಡಿ ಮತ್ತೆ ಹೊಸದರ ಹಾಗೆ ರಸ್ತೆ ಹಿಡಿಯುತ್ತದೆ. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಬದಲಿಸಿ, ಅದು ಗಾಳಿಯ ತೇವ ಹೀರಿಕೊಂಡು ಬೇಗ ಕುದಿಯುತ್ತದೆ. ಕಂಪನಿ ಕೊಟ್ಟ ರಚನೆಯನ್ನೇ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ನೆನಪಿರಲಿ.

ಕೂಲಂಟ್ ಕೆಲಸ ಮುಗಿಸಿದ ದಿನವೇ ದೂರ ಹೋಗಬೇಡಿ. ನಾನು ಎರಡು ಲೀಟರ್ ಡಿಸ್ಟಿಲ್ಡ್ ವಾಟರ್ ಡಿಕ್ಕಿಯಲ್ಲಿಟ್ಟುಕೊಂಡು ಮಧ್ಯಾಹ್ನ ಎ.ಸಿ. ಹಾಕಿ ತೋರಣಗಲ್ಲಿಗೆ ಹೋಗಿ ಬಂದೆ. ಮುಂದೆ ಅದಿರು ಲಾರಿಗಳ ಸಾಲು, ನಿಂತು ನಿಂತು ಹೋಗಬೇಕು. ಪರೀಕ್ಷೆಗೆ ಇದಕ್ಕಿಂತ ಒಳ್ಳೆ ರಸ್ತೆ ಇಲ್ಲ. ಸ್ಕ್ಯಾನರ್‌ನಲ್ಲಿ ಬಿಸಿ 98ಕ್ಕೆ ಏರಿತು, ಫ್ಯಾನ್ ಬಂತು, 92ಕ್ಕೆ ಇಳಿಯಿತು. ನಿಮ್ಮದು 105 ದಾಟಿ ಏರುತ್ತಲೇ ಹೋದರೆ ಎ.ಸಿ. ಆರಿಸಿ, ಹೀಟರ್ ಪೂರ್ತಿ ಹಾಕಿ, ನೆರಳು ನೋಡಿ ನಿಲ್ಲಿಸಿ. ಆರಿದ ಮೇಲೆ ಮೊದಲು ಫ್ಯಾನ್ ನೋಡಿ. ನಿಧಾನದ ಸ್ಪೀಡಿನ ರೆಸಿಸ್ಟರ್ ಸುಟ್ಟರೆ ಫ್ಯಾನ್ ಜೋರು ಸ್ಪೀಡಿನಲ್ಲಿ ಮಾತ್ರ, ಅದೂ ತಡವಾಗಿ ತಿರುಗುತ್ತದೆ.

ಮರುದಿನ ಬೆಳಿಗ್ಗೆ ಟ್ಯಾಂಕಿನ ಮಟ್ಟ ನೋಡಿದೆ. ಬೆರಳಿನಷ್ಟು ಇಳಿದಿತ್ತು, ತುಂಬಿದೆ. ಮೂರನೇ ದಿನ ಇಳಿಯಲಿಲ್ಲ. ಬಾನೆಟ್ ಒಳಗೆ ಬಿಳಿ ಟೇಪ್ ಅಂಟಿಸಿ ತಾರೀಖು, ಕಿಲೋಮೀಟರ್, ಕೂಲಂಟ್ ನಂಬರ್ ಮಾರ್ಕರ್‌ನಲ್ಲಿ ಬರೆದಿಟ್ಟೆ. ಮುಂದೆ ಯಾರೇ ಬಾನೆಟ್ ತೆರೆದರೂ ಬೋರ್ ನೀರಿನ ಬಕೆಟ್ ಎತ್ತುವ ಮುಂಚೆ ಆ ಟೇಪ್ ಕಣ್ಣಿಗೆ ಬೀಳಬೇಕು.